ವಾಹನದ ಹಿಂಬದಿಗೆ ಸೆಳೆಕೊಂಡಿ ಮತ್ತು ಎತ್ತುನೆಲೆ: ಲೋಹ, ಹಗ್ಗ ಮತ್ತು ದೇಹದ ಲೆಕ್ಕಾಚಾರ

ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವಾಹನವು ಕೆಸರಿನಲ್ಲಿಯೋ ಹಿಮದಲ್ಲಿಯೋ ಹೂತುಹೋದಾಗ ಅದನ್ನು ಹೊರಗೆಳೆಯಲು ಹಗ್ಗ ಕಟ್ಟುವ ಭದ್ರವಾದ ಜಾಗವನ್ನು ರಿಕವರಿ ಪಾಯಿಂಟ್ ಎನ್ನುತ್ತಾರೆ. ಜಾಕ್ ಇಟ್ಟು ವಾಹನವನ್ನು ಮೇಲೆತ್ತಲು ಆಧಾರವಾಗುವ ಜಾಗ ಲಿಫ್ಟಿಂಗ್ ಪಾಯಿಂಟ್. ಈ ಲೇಖನದಲ್ಲಿ ಮೊದಲನೆಯದನ್ನು ಸೆಳೆಕೊಂಡಿ ಎಂದೂ ಎರಡನೆಯದನ್ನು ಎತ್ತುನೆಲೆ ಎಂದೂ ಕರೆದಿದ್ದೇನೆ. ಇವೆರಡನ್ನೂ ವಾಹನದ ಹಿಂಬದಿಗೆ ಹೊಸದಾಗಿ ಅಳವಡಿಸುವಾಗ ತಿಳಿದಿರಬೇಕಾದ ಸಂಗತಿಗಳನ್ನು ಒಂದೆಡೆ ಕೂಡಿಸುವುದು ನನ್ನ ಉದ್ದೇಶ. ನಾನು ವೃತ್ತಿಯಿಂದ ವೈದ್ಯ, ಎಂಜಿನಿಯರ್ ಅಲ್ಲ. ಆದರೆ ಲೋಹ ಎಲ್ಲಿ ಸೋಲುತ್ತದೆಯೋ ಅಲ್ಲಿ ಬಹುಬೇಗ ಮನುಷ್ಯದೇಹದ ಪ್ರಶ್ನೆ ಎದುರಾಗುವುದರಿಂದ, ಈ ವಿಷಯದಲ್ಲಿ ವೈದ್ಯನಿಗೂ ಹೇಳುವುದೊಂದಿಷ್ಟು ಇದೆ ಎಂದು ಭಾವಿಸಿದ್ದೇನೆ.

ಹಿಂಬದಿಯೇ ಏಕೆ ಎಂಬ ಪ್ರಶ್ನೆ ಸಹಜ. ವಾಹನ ಸಾಮಾನ್ಯವಾಗಿ ಮೂತಿ ಮುಂದಾಗಿ ಹೂತುಕೊಳ್ಳುತ್ತದೆ. ಮುಂದಿನ ನೆಲ ಹೇಗಿದೆಯೋ ತಿಳಿಯದು. ಹಿಂದಿನ ನೆಲವನ್ನಾದರೋ ಅದೇ ವಾಹನ ಈಗಷ್ಟೇ ದಾಟಿ ಬಂದಿದೆ. ಆದುದರಿಂದ ಬಂದ ದಾರಿಯಲ್ಲಿಯೇ ಹಿಂದಕ್ಕೆ ಸೆಳೆಯುವುದು ಬಹುಪಾಲು ಸಂದರ್ಭಗಳಲ್ಲಿ ಸುಲಭವೂ ಸುರಕ್ಷಿತವೂ ಹೌದು. ಸಿಕ್ಕಿಕೊಂಡ ಇನ್ನೊಂದು ವಾಹನವನ್ನು ಮುಂದಕ್ಕೆ ಎಳೆಯಬೇಕಾದಾಗಲೂ ಹಗ್ಗ ಕಟ್ಟುವುದು ನಮ್ಮ ವಾಹನದ ಹಿಂಬದಿಗೇ. ಹೀಗಿದ್ದರೂ ಮುಂದೆ ವಿಂಚ್ ಕೂರಿಸಲು ಧಾರಾಳವಾಗಿ ಹಣ ಸುರಿಯುವವರು ಹಿಂಬದಿಗೆ ಒಂದು ಎಳೆಗುಂಡಿನಲ್ಲಿಯೇ ತೃಪ್ತರಾಗುವುದನ್ನು ಕಾಣುತ್ತೇವೆ. ಕಾರವಾನ್ ಅಥವಾ ಟ್ರೇಲರ್ ಸಿಕ್ಕಿಸುವ 50 ಮಿಲಿಮೀಟರ್ ವ್ಯಾಸದ ಆ ಉಕ್ಕಿನ ಗುಂಡು ಈ ಕೆಲಸಕ್ಕೆ ಸಲ್ಲದು ಎಂಬುದನ್ನು ಮುಂದೆ ವಿವರಿಸುತ್ತೇನೆ.

ಲಂಡನ್ನಿನಲ್ಲಿ ಇಂಥ ವಾಹನ

ಗ್ರೇಟರ್ ಲಂಡನ್ನಿನಲ್ಲಿ ವಾಸಿಸುವವರಿಗೆ ಇಂಥ ವಾಹನವೇಕೆ ಎಂದು ಊರಿನಿಂದ ಬಂದವರು ಕೇಳುವುದುಂಟು. ಹಳೆಯ ಡೀಸೆಲ್ ಲ್ಯಾಂಡ್ ರೋವರ್ ಡಿಫೆಂಡರ್ ಇಟ್ಟುಕೊಂಡವರಿಗಂತೂ ಇದು ದುಬಾರಿಯ ಪ್ರಶ್ನೆ. 2023ರ ಆಗಸ್ಟ್ 29ರಿಂದ ಅತಿ ಕಡಿಮೆ ಹೊಗೆಯ ವಲಯ, ಅಂದರೆ ಯೂಲೆಜ್, ಲಂಡನ್ನಿನ ಎಲ್ಲ ಬರೋಗಳಿಗೂ ವಿಸ್ತರಿಸಿತು. ಯೂರೋ 6 ಮಟ್ಟ ತಲುಪದ ಡೀಸೆಲ್ ವಾಹನ ರಸ್ತೆಗಿಳಿದ ಪ್ರತಿದಿನವೂ 12.50 ಪೌಂಡ್ ತೆರಬೇಕು. ನಲವತ್ತು ವರ್ಷ ದಾಟಿ ಐತಿಹಾಸಿಕ ವಾಹನವೆಂದು ನೋಂದಣಿಯಾದವುಗಳಿಗೆ ವಿನಾಯಿತಿಯಿದೆ. ಹೀಗಾಗಿ ನನ್ನ ಡಿಫೆಂಡರ್ 110 ಬೀದಿಗಿಳಿಯುವ ದಿನಗಳು ಎಣಿಕೆಯವು.

ಆದರೂ ಅದಕ್ಕೊಂದು ಉಪಯೋಗವಿದೆ. ನಗರದ ದಕ್ಷಿಣದಂಚಿನಿಂದ ಸ್ವಲ್ಪ ದೂರದಲ್ಲಿಯೇ ನಾರ್ತ್ ಡೌನ್ಸ್ ಎಂಬ ಸುಣ್ಣಕಲ್ಲಿನ ಗುಡ್ಡಸಾಲು ಆರಂಭವಾಗುತ್ತದೆ. ಸರ್ರೇ ಪ್ರಾಂತದಲ್ಲಿ ಎಲ್ಲ ಬಗೆಯ ಸಂಚಾರಕ್ಕೂ ತೆರೆದಿರುವ ಕಚ್ಚಾ ಹಾದಿಗಳು ಇನ್ನೂ ಕೆಲವು ಉಳಿದಿವೆ. ಮಳೆಯಲ್ಲಿ ನೆನೆದ ಸುಣ್ಣಕಲ್ಲು ಸೋಪಿನಂತೆ ಜಾರುತ್ತದೆ. ತಗ್ಗಿನ ಜೇಡಿಮಣ್ಣು ಚಕ್ರವನ್ನು ಹಿಡಿದುಕೊಳ್ಳುತ್ತದೆ. ಎರಡನೆಯದು ಹಿಮದ ದಿನಗಳು. 2009ರ ಫೆಬ್ರವರಿ 2ರಂದು ಬಿದ್ದ ಹಿಮಕ್ಕೆ ಲಂಡನ್ನಿನ ಬಸ್ಸುಗಳೇ ನಿಂತುಹೋದವು. 2018ರ ಫೆಬ್ರವರಿ ಮತ್ತು ಮಾರ್ಚ್ ನಡುವಣ ಹಿಮಗಾಳಿಯಲ್ಲಿ ಬ್ರಿಟನ್ನಿನ ಅನೇಕ ಕಡೆ ದಾದಿಯರನ್ನೂ ವೈದ್ಯರನ್ನೂ ಆಸ್ಪತ್ರೆಗೆ ತಲುಪಿಸಿದವರು ಸ್ವಂತ ವಾಹನದ ಸ್ವಯಂಸೇವಕರು. ಅಂಥ ದಿನ ರಸ್ತೆಗಿಳಿಯುವ ವಾಹನವು ಇತರರನ್ನು ಎಳೆಯಲೂ ತಾನು ಎಳೆಸಿಕೊಳ್ಳಲೂ ಸಿದ್ಧವಾಗಿರಬೇಕು. ಬೆಳಗಿನ ಜಾವದ ಪಾಳಿಗೆ ಹೊರಟ ದಾದಿಯೊಬ್ಬಳು ಹಿಂದಿನ ಸೀಟಿನಲ್ಲಿ ಕುಳಿತಿರುವಾಗ, ಹಗ್ಗವನ್ನು ಎಲ್ಲಿಗೆ ಕಟ್ಟಬೇಕೆಂದು ಟಾರ್ಚ್ ಹಿಡಿದು ಹುಡುಕುವಂತಾಗಬಾರದು.

ಸೇನೆಯಿಂದ ಬಂದ ಬಳೆ

ಲ್ಯಾಂಡ್ ರೋವರ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1948ರ ಆಮ್‌ಸ್ಟರ್‌ಡ್ಯಾಮ್ ಮೋಟಾರು ಪ್ರದರ್ಶನದಲ್ಲಿ. ಹಳೆಯ ಮಾದರಿಯ ಕೊನೆಯ ಡಿಫೆಂಡರ್ ಸೋಲಿಹಲ್ ಕಾರ್ಖಾನೆಯಿಂದ 2016ರ ಜನವರಿ 29ರಂದು ಹೊರಬಂತು. ಈ ನಡುವಿನ ಅವಧಿಯಲ್ಲಿ ಈ ವಾಹನದ ದೊಡ್ಡ ಗಿರಾಕಿಗಳಲ್ಲಿ ಬ್ರಿಟಿಷ್ ಸೇನೆಯೂ ಒಂದು. ಹೆಲಿಕಾಪ್ಟರಿನ ಕೆಳಗೆ ತೂಗುಹಾಕಿ ಸಾಗಿಸುವುದಕ್ಕೆಂದೇ 1968ರಿಂದ ಲೈಟ್‌ವೇಟ್ ಎಂಬ ಮಾದರಿ ತಯಾರಾಯಿತು. ವೆಸೆಕ್ಸ್ ಹೆಲಿಕಾಪ್ಟರ್ ಎತ್ತಬಲ್ಲ ತೂಕಕ್ಕೆ ಇಳಿಸಲು ಅದರ ಬಾಗಿಲು, ಮುಂಗಾಜು, ಮೇಲ್ಹೊದಿಕೆಗಳನ್ನು ಕಳಚಿ ಇಡಬೇಕಾಗುತ್ತಿತ್ತು. ಎತ್ತುವ ಸರಪಳಿಯನ್ನು ಸಿಕ್ಕಿಸಲು ಚಾಸಿಗೇ ಭದ್ರವಾದ ಕೊಂಡಿಗಳು ಬೇಕಾದವು.

ಇಂದು ಡಿಫೆಂಡರ್ ಪ್ರಿಯರು ಜೇಟ್ ರಿಂಗ್ ಎಂದು ಕರೆಯುವ ಉಕ್ಕಿನ ಬಳೆ ಈ ಪರಂಪರೆಯದೇ. ಜಾಯಿಂಟ್ ಏರ್ ಟ್ರಾನ್ಸ್‌ಪೋರ್ಟ್ ಎಸ್ಟಾಬ್ಲಿಷ್‌ಮೆಂಟ್ ಎಂಬ, ಆಕ್ಸ್‌ಫರ್ಡ್‌ಷೈರಿನ ಬ್ರೈಜ್ ನಾರ್ಟನ್ ವಾಯುನೆಲೆಯಲ್ಲಿದ್ದ ಸಂಸ್ಥೆಯ ಇಂಗ್ಲಿಷ್ ಮೊದಲಕ್ಷರಗಳಿಂದ ಆ ಹೆಸರು ಬಂದಿದೆ. ವಾಹನವನ್ನು ವಿಮಾನದೊಳಗೆ ಬಿಗಿದು ಕಟ್ಟುವುದಕ್ಕೂ ಮೇಲಕ್ಕೆತ್ತುವುದಕ್ಕೂ ರೂಪಿಸಿದ ಬಳೆ ಅದು. ಕೆಸರಿನಿಂದ ಸೆಳೆಯುವ ಕೆಲಸ ಅದಕ್ಕೆ ಆಮೇಲೆ ಅಂಟಿಕೊಂಡದ್ದು. ಮಾರುಕಟ್ಟೆಯಲ್ಲಿ ಇದರ ನಕಲುಗಳೂ ಸಿಗುವುದರಿಂದ, ಕೊಳ್ಳುವಾಗ ಭಾರದ ಮಿತಿಯನ್ನು ಬರೆದುಕೊಡುವ ತಯಾರಕರನ್ನೇ ಆರಿಸಬೇಕು.

ಎಷ್ಟು ಬಲ ತಡೆಯಬೇಕು?

ಹೂತ ವಾಹನವನ್ನು ಸೆಳೆಯಲು ಬೇಕಾದ ಬಲವನ್ನು ಅಂದಾಜು ಮಾಡಲು ಅಮೆರಿಕದ ಸೇನೆಯ ಕೈಪಿಡಿಗಳು ಒಂದು ಸರಳ ಸೂತ್ರವನ್ನು ಬಳಸುತ್ತವೆ. ಚಕ್ರದ ಮಟ್ಟಕ್ಕೆ ಹೂತಿದ್ದರೆ ವಾಹನದ ತೂಕದಷ್ಟು. ಚಕ್ರದ ಮೇಲಿನ ಮಡ್‌ಗಾರ್ಡ್ ಮಟ್ಟಕ್ಕೆ ಹೂತಿದ್ದರೆ ತೂಕದ ಎರಡರಷ್ಟು. ಅದಕ್ಕೂ ಮೇಲೆ ಹೂತಿದ್ದರೆ ಮೂರರಷ್ಟು. ಸಾಮಾನು ತುಂಬಿದ 110ರ ತೂಕ ಮೂರು ಟನ್ ಎಂದಿಟ್ಟುಕೊಂಡರೆ, ಎರಡನೆಯ ಸ್ಥಿತಿಯಲ್ಲಿ ಆರು ಟನ್ನಿನ ಸೆಳೆತ ಬೇಕಾಗುತ್ತದೆ.

ಈ ಬಲವನ್ನು ಒಂದೇ ಕೊಂಡಿಗೆ ಹೊರಿಸಬಾರದು. ಚಾಸಿಯ ಎಡ ಬಲ ಉದ್ದತೊಲೆಗಳಿಗೆ ಒಂದೊಂದು ಕೊಂಡಿಯಿದ್ದು, ಎರಡನ್ನೂ ಕೂಡಿಸುವ ಕವಲುಪಟ್ಟಿಯ ನಡುವಿನಿಂದ ಎಳೆಯುವುದು ಸರಿಯಾದ ಕ್ರಮ. ಕವಲುಗಳ ನಡುವಿನ ಕೋನ 60 ಡಿಗ್ರಿಯಾದರೆ ಪ್ರತಿ ಕೊಂಡಿಯ ಮೇಲೆ ಒಟ್ಟು ಬಲದ ಶೇಕಡ 58 ಬೀಳುತ್ತದೆ. 90 ಡಿಗ್ರಿಯಲ್ಲಿ ಶೇಕಡ 71. 120 ಡಿಗ್ರಿಯಲ್ಲಿ ಪ್ರತಿಯೊಂದರ ಮೇಲೂ ಪೂರ್ತಿ ಶೇಕಡ 100. ಅಂದರೆ ಎರಡು ಕೊಂಡಿಯಿಟ್ಟ ಲಾಭವೇ ಇಲ್ಲವಾಯಿತು. ಕವಲಿನ ಒಂದೊಂದು ತೋಳೂ ಕೊಂಡಿಗಳ ನಡುವಿನ ಅಂತರಕ್ಕಿಂತ ಉದ್ದವಾಗಿದ್ದರೆ ಕೋನ 60 ಡಿಗ್ರಿಯ ಒಳಗೇ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ನಮ್ಮೂರ ತೇರಿಗೆ ಮಿಣಿಯನ್ನು ಎರಡು ಕಡೆ ಕಟ್ಟಿ ಎಳೆಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದು ನಿಧಾನವಾಗಿ, ಒಂದೇ ಸಮನೆ ಎಳೆಯುವಾಗಿನ ಲೆಕ್ಕ. ಓಡಿಬಂದು ಜಗ್ಗುವಾಗಿನ ಲೆಕ್ಕವೇ ಬೇರೆ. ಎರಡೂವರೆ ಟನ್ನಿನ ವಾಹನ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಚಲಿಸುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 21,700 ಜೂಲ್. ಸಿಕ್ಕಿಕೊಂಡ ವಾಹನ ಅಲುಗಲೇ ಇಲ್ಲವೆಂದುಕೊಂಡರೆ, ಅಷ್ಟೂ ಶಕ್ತಿಯನ್ನು ಹಗ್ಗವೇ ನುಂಗಬೇಕು. ನೈಲಾನಿನ ಹಿಗ್ಗುವ ಹಗ್ಗ ಎರಡು ಮೀಟರ್ ಹಿಗ್ಗಿ ಅದನ್ನು ತಾಳಿಕೊಂಡರೆ ಕೊಂಡಿಯ ಮೇಲಿನ ಗರಿಷ್ಠ ಬಲ ಸುಮಾರು 2.2 ಟನ್. ಅಷ್ಟಾಗಿ ಹಿಗ್ಗದ ಪಾಲಿಯೆಸ್ಟರ್ ಪಟ್ಟಿ ಕೇವಲ 30 ಸೆಂಟಿಮೀಟರ್ ಹಿಗ್ಗಿದರೆ ಅದೇ ಬಲ 14 ಟನ್ನನ್ನು ಮೀರುತ್ತದೆ. ವಾಹನ ಅದೇ, ವೇಗ ಅದೇ. ಬದಲಾದದ್ದು ಹಗ್ಗ ಮಾತ್ರ. ಕೊಂಡಿ ಕಿತ್ತುಬರುವ ಅವಘಡಗಳಿಗೆ ಮುಖ್ಯ ಕಾರಣ ಈ ವ್ಯತ್ಯಾಸವನ್ನು ಅರಿಯದಿರುವುದು. ಸರಪಳಿಯಾಗಲಿ ಉಕ್ಕಿನ ಹಗ್ಗವಾಗಲಿ ಜಗ್ಗುವ ಕೆಲಸಕ್ಕೆ ಖಂಡಿತ ಕೂಡದು.

ಎಲ್ಲಿ ಕಟ್ಟಬಾರದು

ಮೊದಲನೆಯದು ಮೇಲೆ ಹೇಳಿದ ಎಳೆಗುಂಡು. ಅದು ಉರುಳುವ ಟ್ರೇಲರಿನ ಸಮಭಾರಕ್ಕೆ ತಕ್ಕುದು. ಜಗ್ಗಿದಾಗ ಅದರ ಕತ್ತು ಮುರಿದು, ಹಿಗ್ಗಿದ ಹಗ್ಗದ ತುದಿಯಲ್ಲಿ ಕವಣೆಯ ಕಲ್ಲಿನಂತೆ ಹಾರುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಸಾವುಗಳೇ ಸಂಭವಿಸಿವೆ. ಎರಡನೆಯದು, ಹಡಗಿನಲ್ಲಿಯೋ ಲಾರಿಯಲ್ಲಿಯೋ ಸಾಗಿಸುವಾಗ ವಾಹನ ಅಲುಗದಂತೆ ಬಿಗಿಯಲು ಕಾರ್ಖಾನೆಯವರು ಕೊಟ್ಟಿರುವ ತೆಳುವಾದ ಕಣ್ಣುಗಳು. ಮೂರನೆಯದು, ಹಾರ್ಡ್‌ವೇರ್ ಅಂಗಡಿಯ ಐಬೋಲ್ಟು. ಜರ್ಮನಿಯ ಡಿನ್ 580 ಮಾನಕದ ಎಂ16 ಐಬೋಲ್ಟಿಗೆ ನೇರ ಎಳೆತದಲ್ಲಿ ಅನುಮತಿಸಿದ ಭಾರ 700 ಕಿಲೋ ಮಾತ್ರ. ಓರೆಯಾಗಿ ಎಳೆದರೆ ಅದಕ್ಕಿಂತಲೂ ಕಡಿಮೆ. ನೋಡಲು ದಪ್ಪವಾಗಿರುವುದು ಬಲದ ಪ್ರಮಾಣಪತ್ರವಲ್ಲ.

ಟೋಬಾರಿನಲ್ಲಿ 50 ಮಿಲಿಮೀಟರಿನ ಚೌಕಕೊಳವೆ ಇದ್ದರೆ, ಅದರೊಳಗೆ ಕೂರುವ, ಭಾರದ ಮಿತಿ ನಮೂದಾದ ಶ್ಯಾಕಲ್ ಗಟ್ಟಿಯನ್ನು ಬಳಸಬಹುದು. ಆದರೆ ಹಗ್ಗದ ಕುಣಿಕೆಯನ್ನು ಕೊಳವೆಯೊಳಕ್ಕೆ ತೂರಿಸಿ ಅಡ್ಡಪಿನ್ನಿಗೆ ನೇರವಾಗಿ ಸಿಕ್ಕಿಸುವುದು ತಪ್ಪು. ನಡುವಿನಲ್ಲಿ ಭಾರ ಬಿದ್ದು ಪಿನ್ನು ಬಾಗುತ್ತದೆ.

ಮೂಳೆ ಮತ್ತು ರಜ್ಜು

ನಮ್ಮ ದೇಹದಲ್ಲಿ ಸ್ನಾಯುರಜ್ಜು ಮೂಳೆಯ ಮೇಲೆ ಅಂಟಿಸಿದಂತೆ ಕುಳಿತಿಲ್ಲ. ಅದರ ಎಳೆಗಳು ಮೂಳೆಯೊಳಗೆ ಇಳಿದು, ಅಗಲವಾಗಿ ಹರಡಿ, ಬಲವನ್ನು ಹಂಚುತ್ತವೆ. ರಜ್ಜು ಹರಿಯದೆ ಉಳಿದು ಮೂಳೆಯ ಚೂರೇ ಕಿತ್ತುಬರುವ ಗಾಯಗಳೂ ಉಂಟು. ಸೆಳೆಕೊಂಡಿಯ ವಿಷಯದಲ್ಲಿ ಬೋಲ್ಟು ರಜ್ಜುವಾದರೆ ಚಾಸಿಯೇ ಮೂಳೆ.

8.8 ದರ್ಜೆಯ ಎಂ12 ಬೋಲ್ಟನ್ನು ನೇರವಾಗಿ ಎಳೆದರೆ ಅದು ಹರಿಯುವುದು ಸುಮಾರು 6.8 ಟನ್ ಬಲಕ್ಕೆ. ಅಡ್ಡಲಾಗಿ ಕತ್ತರಿಸುವ ಬಲಕ್ಕೆ ಸುಮಾರು 4 ಟನ್. ಎಂ16 ಆದರೆ ಈ ಸಂಖ್ಯೆಗಳು ಹೆಚ್ಚುಕಡಿಮೆ ಇಮ್ಮಡಿ. ಇವು ಮುರಿಯುವ ಬಲಗಳೇ ಹೊರತು ಬಳಸಬಹುದಾದ ಬಲಗಳಲ್ಲ. ಇತ್ತ ಡಿಫೆಂಡರಿನ ಚಾಸಿ ಕೆಲವೇ ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನಿಂದ ಮಾಡಿದ ಪೊಳ್ಳು ಪೆಟ್ಟಿಗೆ. ಅದರ ಒಂದು ಗೋಡೆಗೆ ಮಾತ್ರ ರಂಧ್ರ ಕೊರೆದು ಕೊಂಡಿ ಬಿಗಿದರೆ ಬೋಲ್ಟು ಉಳಿದು ತಗಡು ಹರಿಯುತ್ತದೆ. ಬೋಲ್ಟು ಎರಡೂ ಗೋಡೆಗಳನ್ನು ಹಾಯಬೇಕು. ಬಿಗಿದಾಗ ಪೆಟ್ಟಿಗೆ ಚಪ್ಪಟೆಯಾಗದಂತೆ ಒಳಗೆ ಉಕ್ಕಿನ ಕೊಳವೆಯೊಂದನ್ನು ಕೂರಿಸಿ ಬೆಸೆಯಬೇಕು. ಹಿಂದೆ ಮುಂದೆ ಅಗಲವಾದ ದಪ್ಪ ಫಲಕಗಳಿರಬೇಕು.

ಉಪ್ಪು ಈ ದೇಶದಲ್ಲಿ ಚಾಸಿಯ ಪರಮಶತ್ರು. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಚಕ್ರದಿಂದ ಸಿಡಿದು ಹಿಂಬದಿಯ ಅಡ್ಡತೊಲೆಯೊಳಗೆ ಸೇರಿ, ಹೊರಗಿನ ಬಣ್ಣ ಚೆನ್ನಾಗಿರುವಾಗಲೇ ಒಳಗಿನಿಂದ ತಿನ್ನುತ್ತದೆ. ಡಿಫೆಂಡರಿನಲ್ಲಿ ಮೊದಲು ಸೋಲುವ ಭಾಗಗಳಲ್ಲಿ ಇದೊಂದು. ವಾರ್ಷಿಕ ಎಂಒಟಿ ಪರೀಕ್ಷೆಯಲ್ಲಿ ವಾಹನ ತೇರ್ಗಡೆಯಾಯಿತೆಂದರೆ ಸೆಳೆಕೊಂಡಿಯೂ ಗಟ್ಟಿಯಾಗಿದೆ ಎಂದು ಅರ್ಥವಲ್ಲ. ಆ ಪರೀಕ್ಷೆಯ ಉದ್ದೇಶವೇ ಬೇರೆ. ಕೊಂಡಿ ಕೂರಿಸುವ ಮೊದಲು ತೊಲೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಗಂಟೆಯಂತೆ ನಾದಗೊಡುತ್ತದೆ; ತುಕ್ಕುಹಿಡಿದದ್ದು ಮಂದವಾಗಿ ಸದ್ದುಮಾಡುತ್ತದೆ. ಎದೆಯನ್ನು ಬೆರಳಿನಿಂದ ತಟ್ಟಿ ಶ್ವಾಸಕೋಶವನ್ನು ಅರಿಯುವ ವೈದ್ಯರ ಹಳೆಯ ವಿದ್ಯೆಗೂ ಇದಕ್ಕೂ ದೂರವೇನಿಲ್ಲ. ಸಂಶಯವಿದ್ದರೆ ಅಡ್ಡತೊಲೆಯನ್ನೇ ಬದಲಿಸಿ, ಆಮೇಲೆ ಕೊಂಡಿಯ ಮಾತು.

ಅಳವಡಿಸುವ ಕ್ರಮ

ಬ್ಯಾಟರಿಯ ತಂತಿಗಳನ್ನು ಕಳಚುವುದು ಮೊದಲ ಕೆಲಸ. 110ರಲ್ಲಿ ಇಂಧನದ ಟ್ಯಾಂಕು ಹಿಂಬದಿಯ ಚಾಸಿತೊಲೆಗಳ ನಡುವೆಯೇ ಇರುವುದರಿಂದ, ಬೆಸುಗೆಯಿದ್ದರೆ ಟ್ಯಾಂಕನ್ನು ಇಳಿಸಲೇಬೇಕು. ಕೇವಲ ರಂಧ್ರ ಕೊರೆಯುವಾಗಲೂ ಅದರ ಹಾಗೂ ಬ್ರೇಕ್ ಕೊಳವೆಗಳ ಜಾಗವನ್ನು ಗುರುತಿಸಿಕೊಂಡಿರಬೇಕು. ಸಾಧ್ಯವಾದಷ್ಟು ಕಾರ್ಖಾನೆಯವರೇ ಕೊರೆದಿರುವ ರಂಧ್ರಗಳನ್ನು ಬಳಸುವುದು ಮೇಲು. ಹೊಸ ರಂಧ್ರ ಬೇಕಾದರೆ ತೊಲೆಯ ಎತ್ತರದ ನಡುಮಧ್ಯದಲ್ಲಿ ಕೊರೆಯಬೇಕು. ಬಾಗುವಿಕೆಯ ಒತ್ತಡ ತೊಲೆಯ ಮೇಲಂಚು ಕೆಳಗಂಚುಗಳಲ್ಲಿ ಅಧಿಕ, ನಡುವೆ ಕಡಿಮೆ. ಕೊರೆದ ಅಂಚಿಗೆ ಸತುವಿನ ಬಣ್ಣ, ಪೆಟ್ಟಿಗೆಯೊಳಕ್ಕೆ ಮೇಣದ ಸಿಂಪಡಣೆ. ಬೋಲ್ಟನ್ನು ತಯಾರಕರು ಹೇಳಿದ ಟಾರ್ಕಿಗೆ ಬಿಗಿದು, ತಲೆಯ ಮೇಲೆ ಬಣ್ಣದ ಗೆರೆ ಎಳೆದರೆ ಮುಂದೆ ಸಡಿಲವಾದದ್ದು ಕಣ್ಣಿಗೆ ಕಾಣುತ್ತದೆ. ಬೆಸುಗೆಯನ್ನು ಅರ್ಹತೆಯುಳ್ಳವರಿಂದಲೇ ಮಾಡಿಸಬೇಕು. ನಾನು ಮಾಡಿಸಿದ್ದೂ ಹಾಗೆಯೇ.

ಶ್ಯಾಕಲ್ಲಿನ ಮೇಲೆ ಅದರ ಕಾರ್ಯಭಾರದ ಮಿತಿ ಅಚ್ಚಾಗಿರಬೇಕು. ಮುಕ್ಕಾಲು ಇಂಚಿನ ಬಿಲ್ಲಿನಾಕಾರದ ಶ್ಯಾಕಲ್ಲಿಗೆ ಸಾಮಾನ್ಯ ಮಿತಿ 4.75 ಟನ್. ಮೇಲಿನ ಉದಾಹರಣೆಯಲ್ಲಿ 60 ಡಿಗ್ರಿ ಕೋನದಲ್ಲಿ ಪ್ರತಿ ಕೊಂಡಿಗೆ ಬೀಳುವ ಮೂರೂವರೆ ಟನ್ನಿಗೆ ಇದು ಹೊಂದುತ್ತದೆ.

2019ರಲ್ಲಿ ಅನಾವರಣಗೊಂಡ ಹೊಸ ಡಿಫೆಂಡರಿಗೆ ಈ ಯಾವ ಮಾತೂ ಅನ್ವಯಿಸದು. ಅದಕ್ಕೆ ಪ್ರತ್ಯೇಕ ಚಾಸಿಯೇ ಇಲ್ಲ. ಇಡೀ ಒಡಲು ಅಲ್ಯೂಮಿನಿಯಮ್ಮಿನ ಏಕರಚನೆ. ಅದಕ್ಕೆ ತಾವಾಗಿ ರಂಧ್ರ ಕೊರೆಯಬಾರದು. ತಯಾರಕರು ಕೊಟ್ಟ ಕೊಂಡಿಗಳನ್ನೂ ಜಾಕ್ ನೆಲೆಗಳನ್ನೂ ಮಾತ್ರ ಬಳಸಬೇಕು.

ಎತ್ತುನೆಲೆ

ಸೆಳೆಯುವ ಮೊದಲು ಎತ್ತಿದರೆ ಅರ್ಧ ಕೆಲಸ ಮುಗಿದಂತೆ. ಹೂತ ಚಕ್ರವನ್ನು ಮೇಲೆತ್ತಿ, ಅಡಿಗೆ ಕಲ್ಲನ್ನೋ ಹಲಗೆಯನ್ನೋ ಕೊಟ್ಟರೆ ಬೇಕಾಗುವ ಸೆಳೆತವೇ ತಗ್ಗುತ್ತದೆ. ಇದಕ್ಕೆ ಬಳಸುವ ಎತ್ತರದ ಹೈಲಿಫ್ಟ್ ಜಾಕ್ ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡಿನಲ್ಲಿ 1905ರಿಂದ ತಯಾರಾಗುತ್ತಿದೆ. ರಂಧ್ರಗಳ ಸಾಲುಳ್ಳ ಉಕ್ಕಿನ ಕಂಬದ ಮೇಲೆ ಎರಡು ಪಿನ್ನುಗಳು ಒಂದಾದ ಮೇಲೊಂದು ಏರುತ್ತ ಭಾರವನ್ನು ಎತ್ತುತ್ತವೆ. ಅದರ ನಾಲಗೆ ಕಿರಿದು. ನುಣುಪಾದ ಬಂಪರಿನಿಂದ ಜಾರುತ್ತದೆ. ಆದುದರಿಂದ ಅಡ್ಡತೊಲೆಯ ಎರಡೂ ತುದಿಗಳ ಬಳಿ, ನಾಲಗೆ ಕೂರುವಷ್ಟು ಅಗಲದ, ಪಕ್ಕಕ್ಕೆ ಸರಿಯದಂತೆ ಅಂಚು ಕಟ್ಟಿದ ಗೂಡುಗಳನ್ನು ಮಾಡಿಸುವುದು ಒಳ್ಳೆಯದು.

ಚಾಸಿಯನ್ನು ಎತ್ತಿದಾಗ ಸ್ಪ್ರಿಂಗ್ ಸಡಿಲಗೊಂಡು ಅಚ್ಚು ಕೆಳಗೇ ಉಳಿಯುತ್ತದೆ. ಒಡಲು ಬಹಳ ಮೇಲೆದ್ದ ನಂತರವೇ ಚಕ್ರ ನೆಲ ಬಿಡುತ್ತದೆ. ಅಷ್ಟರಲ್ಲಿ ವಾಹನ ತೂಗಾಡತೊಡಗಿರುತ್ತದೆ. ಅಚ್ಚನ್ನು ಚಾಸಿಗೆ ಪಟ್ಟಿಯಿಂದ ಬಿಗಿದುಕೊಂಡರೆ ಎತ್ತರ ಕಡಿಮೆ ಸಾಕು. ಸಮನೆಲದಲ್ಲಿ ಅಚ್ಚಿನ ಅಡಿಗೆ ಇಡುವ ಸಾಧಾರಣ ಬಾಟಲ್ ಜಾಕ್ ಇದಕ್ಕಿಂತ ಎಷ್ಟೋ ಸುರಕ್ಷಿತ. ಜಾಕಿನ ಮೇಲೆ ಮಾತ್ರ ನಿಂತ ವಾಹನದ ಅಡಿಗೆ ಕೈಯನ್ನೂ ಚಾಚಬಾರದು. ಹೈಲಿಫ್ಟಿನ ಹಿಡಿಕೆ ಇಳಿಸುವಾಗ ಕೈತಪ್ಪಿದರೆ ಬಿರುಸಿನಿಂದ ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಮುಖವನ್ನು ಅದರ ದಾರಿಯಲ್ಲಿ ಇಡಬಾರದು.

ಕಾನೂನು, ವಿಮೆ, ದಾರಿಹೋಕರು

ಬ್ರಿಟನ್ನಿನ 1986ರ ರಸ್ತೆವಾಹನ ನಿರ್ಮಾಣ ಮತ್ತು ಬಳಕೆ ನಿಯಮಗಳ ಪ್ರಕಾರ ವಾಹನವೂ ಅದರ ಭಾಗಗಳೂ ಯಾರಿಗೂ ಅಪಾಯವಾಗದ ಸ್ಥಿತಿಯಲ್ಲಿರಬೇಕು. ಮೊಣಕಾಲಿನ ಕೆಳಗಿನ ಎತ್ತರದಲ್ಲಿ ಚಾಚಿಕೊಂಡ ಉಕ್ಕು ಕಿಕ್ಕಿರಿದ ನಗರದಲ್ಲಿ ದಾರಿಹೋಕರ ಮುಂಗಾಲಿನ ಮೂಳೆಗೆ ನೇರವಾಗಿ ತಗಲುತ್ತದೆ. ಅಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸದ ಮೆತ್ತೆಯಿಲ್ಲ. ಆದುದರಿಂದ ಊರೊಳಗೆ ಓಡಿಸುವಾಗ ಶ್ಯಾಕಲ್ಲುಗಳನ್ನೂ ಎಳೆಗುಂಡನ್ನೂ ಕಳಚಿ ಒಳಗಿಡುವುದು ಒಳಿತು. ನಂಬರ್ ಫಲಕವನ್ನಾಗಲಿ ದೀಪಗಳನ್ನಾಗಲಿ ಕೊಂಡಿ ಮರೆಮಾಡಬಾರದು. ಮಾರ್ಪಾಡನ್ನು ವಿಮೆಯವರಿಗೆ ತಿಳಿಸಬೇಕು. ಕಾರ್ಯಸ್ಥಳಗಳಲ್ಲಿ ಭಾರ ಎತ್ತುವ ಸಲಕರಣೆಗಳಿಗೆ 1998ರ ಲೋಲರ್ ನಿಯಮಗಳಿವೆ. ಹವ್ಯಾಸಕ್ಕೆ ಅವು ಅನ್ವಯಿಸದಿದ್ದರೂ, ಮಿತಿಯನ್ನು ನಮೂದಿಸಿ ಕಾಲಕಾಲಕ್ಕೆ ಪರಿಶೀಲಿಸುವ ಆ ಶಿಸ್ತು ಅನುಕರಣೀಯ.

ದೇಹದ ಕಡೆಯಿಂದ

ಹರಿದ ಹಗ್ಗದೊಂದಿಗೆ ಹಾರುವ ಒಂದು ಕಿಲೋ ಮೀರಿದ ಶ್ಯಾಕಲ್ ತಲೆಗೋ ಎದೆಗೋ ಬಡಿದರೆ ವೈದ್ಯರಿಗೆ ಮಾಡಲು ಬಹಳವೇನೂ ಉಳಿದಿರುವುದಿಲ್ಲ. ಎಳೆಯುವಾಗ ನೋಡುಗರು ಹಗ್ಗದ ಉದ್ದದ ಒಂದೂವರೆಯಷ್ಟು ದೂರದಲ್ಲಿ, ಎಳೆತದ ಗೆರೆಗೆ ಪಕ್ಕದಲ್ಲಿರಬೇಕು. ಮಕ್ಕಳು ಅದಕ್ಕೂ ಆಚೆ. ಚಾಲಕರಿಬ್ಬರನ್ನು ಬಿಟ್ಟು ವಾಹನಗಳಲ್ಲಿ ಯಾರೂ ಇರಕೂಡದು. ಹಿಂದಿನ ಸೀಟಿನ ಆ ದಾದಿಯೂ ಇಳಿದು ದೂರ ನಿಲ್ಲಬೇಕು. ಉಕ್ಕಿನದರ ಬದಲು ನಾರಿನ ಮೃದು ಶ್ಯಾಕಲ್ ಬಳಸಿದರೆ ಹಾರುವ ಲೋಹವೇ ಕಡಿಮೆಯಾಗುತ್ತದೆ. ಆದರೆ ಕೊಂಡಿಯ ಅಂಚುಗಳು ನುಣುಪಾಗಿರಬೇಕು.

ಜಾಕ್ ಜಾರಿ ವಾಹನ ಕಾಲಿನ ಮೇಲೆ ಕುಳಿತಾಗಿನ ಅಪಾಯ ಇನ್ನೊಂದು ಬಗೆಯದು. ಅದನ್ನು ಇಂದಿನ ವೈದ್ಯಶಾಸ್ತ್ರಕ್ಕೆ ಮನಗಾಣಿಸಿದ್ದು ಲಂಡನ್ನೇ. ಜರ್ಮನ್ ಬಾಂಬುದಾಳಿಯಲ್ಲಿ ಕುಸಿದ ಮನೆಗಳ ಅಡಿಯಲ್ಲಿ ಕೈಕಾಲು ಸಿಕ್ಕಿಕೊಂಡವರು, ಬಿಡುಗಡೆಯಾದ ಮೇಲೆ ಮೂತ್ರಪಿಂಡ ಸೋತು ಸಾಯುವುದನ್ನು ಹ್ಯಾಮರ್‌ಸ್ಮಿತ್ತಿನ ಎರಿಕ್ ಬೈವಾಟರ್ಸ್ ತಮ್ಮ ಸಹೋದ್ಯೋಗಿ ಬೀಲ್ ಜೊತೆಗೂಡಿ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ವರ್ಣಿಸಿದರು. ಜಜ್ಜಿಹೋದ ಸ್ನಾಯುವಿನಿಂದ ಪೊಟ್ಯಾಸಿಯಂ ಮತ್ತು ಮಯೋಗ್ಲೋಬಿನ್ ರಕ್ತಕ್ಕೆ ನುಗ್ಗುತ್ತವೆ. ಮೊದಲನೆಯದು ಹೃದಯವನ್ನೂ ಎರಡನೆಯದು ಮೂತ್ರಪಿಂಡವನ್ನೂ ಕೆಡಿಸುತ್ತದೆ. ಬ್ರಿಟನ್ನಿನ ಪ್ರಥಮ ಚಿಕಿತ್ಸೆಯ ಪಾಠ ಸ್ಪಷ್ಟವಾಗಿದೆ: ಸಿಕ್ಕಿಕೊಂಡು 15 ನಿಮಿಷದೊಳಗಾದರೆ ಭಾರವನ್ನು ಬೇಗನೆ ತೆಗೆಯಬೇಕು; ಅದಕ್ಕಿಂತ ಹೆಚ್ಚಾಗಿದ್ದರೆ ತಾವಾಗಿ ತೆಗೆಯದೆ, 999ಕ್ಕೆ ಕರೆಮಾಡಿ, ಎಷ್ಟು ಹೊತ್ತಾಯಿತೆಂಬುದನ್ನು ತಿಳಿಸಿ, ಅವರು ಹೇಳಿದಂತೆ ನಡೆಯಬೇಕು. ಆದುದರಿಂದ ಸಿಕ್ಕಿಕೊಂಡ ಕೂಡಲೇ ಗಡಿಯಾರ ನೋಡಿಕೊಳ್ಳುವುದು ಚಿಕಿತ್ಸೆಯ ಭಾಗವೇ ಆಗುತ್ತದೆ.

ಮಳೆಗಾಲದಲ್ಲಿ ಕೊಡಚಾದ್ರಿಯ ಕಡಿದಾದ ಹಾದಿಯಲ್ಲಿ ಜೀಪು ಏರಿದವರಿಗೂ, ಮಲೆನಾಡಿನ ತೋಟದ ದಾರಿಯಲ್ಲಿ ಹೂತ ಪಿಕಪ್ಪನ್ನು ಟ್ರ್ಯಾಕ್ಟರಿನಿಂದ ಎಳೆಸಿದವರಿಗೂ ಈ ಲೆಕ್ಕಗಳೆಲ್ಲ ಹಾಗೆಯೇ ಅನ್ವಯಿಸುತ್ತವೆ. ಮಣ್ಣಿನ ಬಣ್ಣ ಬೇರೆ, ಬಲದ ನಿಯಮ ಒಂದೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಯಂತೆ ವಾಹನವೂ ಹೊರಬರಬೇಕು, ಕೊಂಡಿಯೂ ಉಳಿಯಬೇಕು. ಅದಕ್ಕಾಗಿ ಪ್ರತಿ ಸೆಳೆತದ ನಂತರ ಕೊಂಡಿಯ ಸುತ್ತ ಬಣ್ಣ ಬಿರಿದಿದೆಯೇ, ಬೋಲ್ಟಿನ ಗೆರೆ ಸರಿದಿದೆಯೇ, ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ಎಂದು ನೋಡಬೇಕು. ವರ್ಷಕ್ಕೊಮ್ಮೆ, ಚಳಿಗಾಲ ಮುಗಿದ ಮೇಲೆ, ಉಪ್ಪನ್ನು ತೊಳೆದು ಮೇಣವನ್ನು ಮತ್ತೆ ಸಿಂಪಡಿಸಬೇಕು. ಅಚ್ಚು ಮಾಸಿದ ಶ್ಯಾಕಲ್ಲನ್ನೂ ಎಳೆ ಬಿಟ್ಟ ಹಗ್ಗವನ್ನೂ ಎಸೆಯಬೇಕು.